ಹೊಡೆದುಹಾಕಿದ ಮೂರು

ದಾವಣಗೆರೆಯಲ್ಲಿ ಸಂಜೆ ಐದಾದ ಮೇಲೆ ಮಂಡಕ್ಕಿ ಅಂಗಡಿಯಲ್ಲಿ ಕೂತವರಿಗೆ ಬಿಡುವೆಂಬುದಿಲ್ಲ. ಸರಿಯಾಗಿ ಆ ಹೊತ್ತಿಗೇ ಮಗಳು ಟೆಸ್ಟ್ ಪೇಪರ್ ತಂದು ಗಲ್ಲಾಪೆಟ್ಟಿಗೆ ಮೇಲಿಟ್ಟಳು. ಕಣ್ಣು ತುಂಬಿಕೊಂಡಿದ್ದವು.

ಅಂಶ: ಎಕ್ಸ್ ವರ್ಗ ಮೈನಸ್ 9. ಛೇದ: ಎಕ್ಸ್ ವರ್ಗ ಮೈನಸ್ 5ಎಕ್ಸ್ ಪ್ಲಸ್ 6. ಎಕ್ಸ್‌ನ ಯಾವ ಬೆಲೆಗಳಿಗೆ ಇದು ಅವ್ಯಾಖ್ಯಿತ, ಅಂದರೆ ಇದಕ್ಕೆ ಉತ್ತರವೇ ಇರುವುದಿಲ್ಲ? ಅಪವರ್ತನ, ಅಂದರೆ ಗುಣಕಗಳಾಗಿ ಒಡೆಯುವುದನ್ನ, ಚೆನ್ನಾಗೇ ಮಾಡಿದ್ದಳು. ಮೇಲೂ ಕೆಳಗೂ ಇದ್ದ ಎಕ್ಸ್ ಮೈನಸ್ 3 ಅನ್ನು ಹೊಡೆದುಹಾಕಿ, ಉಳಿದ ಛೇದ ನೋಡಿ, ಉತ್ತರ 2 ಅಂತ ಬರೆದಿದ್ದಳು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘3 ಎಲ್ಲಿ?’ ಅಂತಿತ್ತು.

‘ಹೊಡೆದುಹಾಕಿದ ಮೇಲೆ ಎಲ್ಲಿ ಉಳೀತಮ್ಮ?’

ಬಿ.ಎಸ್ಸಿ.ಯಲ್ಲಿ ಗಣಿತ ಓದಿದವಳು ನಾನು. ಆದರೂ ಒಂದು ಗಳಿಗೆ ಅವಳ ಮಾತೇ ಸರಿ ಅನ್ನಿಸಿತು. ಆಮೇಲೆ ಅಂಗಡಿಯ ಕ್ಯಾಲ್ಕುಲೇಟರ್ ಅವಳ ಕೈಗೆ ಕೊಟ್ಟು, ‘ಏನನ್ನೂ ಹೊಡೀಬೇಡ, ಮೂಲ ಲೆಕ್ಕಕ್ಕೇ 3.01 ಹಾಕು’ ಅಂದೆ. ಚೀಟಿಯ ಹಿಂದೆ ಬರೆದುಕೊಂಡಳು: ಮೇಲೆ 0.0601, ಕೆಳಗೆ 0.0101. ಭಾಗಿಸಿದರೆ 5.95. ಇನ್ನು 2.99 ಹಾಕಿದರೆ 6.05. ‘ಹಾಗಾದ್ರೆ 3ಕ್ಕೆ 6 ಬರುತ್ತೆ!’ ಅಂತ ಖುಷಿಯಿಂದ 3 ಒತ್ತಿದಳು. ಮೇಲೆ ಸೊನ್ನೆ, ಕೆಳಗೂ ಸೊನ್ನೆ. ಭಾಗಿಸಿದಾಗ ಪರದೆ ಮೇಲೆ ಬರೀ ‘ಇ’ ಅಕ್ಷರ, ಅಂದರೆ ಎರರ್.

2ರ ಹತ್ತಿರದ ಕಥೆಯೇ ಬೇರೆ. 2.01ಕ್ಕೆ 501, 1.99ಕ್ಕೆ ಮೈನಸ್ 499. ಈ ಕಡೆ ಆಕಾಶ, ಆ ಕಡೆ ಪಾತಾಳ.

‘ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಿದ್ರೆ ಸೊನ್ನೆ ಅಲ್ವಾ?’ ಅಂದಳು. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತನೂ ಹಾಗೇ ಬರೆದಿದ್ದ ಅಂತ ಹೇಳಿದೆ, ಮುಖ ಸ್ವಲ್ಪ ಅರಳಿತು. ಆದರೆ ಅದು ಸರಿಯಲ್ಲ. ಭಾಗಲಬ್ಧವನ್ನು ಛೇದದಿಂದ ಗುಣಿಸಿದರೆ ಅಂಶ ವಾಪಸ್ ಬರಬೇಕು. ಎಕ್ಸ್ 2 ಆದಾಗ ಮೇಲಿರುವುದು ಮೈನಸ್ 5. ಸೊನ್ನೆಯಿಂದ ಯಾವ ಸಂಖ್ಯೆಯನ್ನು ಗುಣಿಸಿದರೂ ಮೈನಸ್ 5 ಬರುವುದಿಲ್ಲ. ಎಕ್ಸ್ 3 ಆದಾಗ ತದ್ವಿರುದ್ಧ: ಸೊನ್ನೆಗೆ 6 ಗುಣಿಸು, 600 ಗುಣಿಸು, ಸೊನ್ನೆಯೇ. ಎಲ್ಲ ಉತ್ತರವೂ ಹೊಂದುತ್ತದೆ, ಹಾಗಾಗಿ ಯಾವುದನ್ನೂ ಉತ್ತರ ಅನ್ನುವಂತಿಲ್ಲ. ಅಲ್ಲದೆ ಎಕ್ಸ್ ಮೈನಸ್ 3 ಅನ್ನು ಹೊಡೆದುಹಾಕುವಾಗ ನಾವು ಅದರಿಂದಲೇ ಭಾಗಿಸುತ್ತಿರುತ್ತೇವೆ. ಅದು ಸೊನ್ನೆಯಲ್ಲ ಅಂತ ಮೊದಲೇ ಒಪ್ಪಿಕೊಂಡರೆ ಮಾತ್ರ ಆ ಗೆರೆ ಎಳೆಯುವ ಹಕ್ಕು. ಇದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಗೆರೆ ಎಳೆಯುವುದನ್ನು ಕಲಿಸಿಬಿಡುತ್ತೇವೆ, ಷರತ್ತು ಹೇಳುವುದು ಮರೆಯುತ್ತೇವೆ.

ಅಷ್ಟರಲ್ಲಿ ಗಿರಾಕಿಗಳು ಬಂದರು. ಮಂಡಕ್ಕಿ ಅಳೆದು, ಖಾರ ಕಟ್ಟಿಕೊಟ್ಟು ತಿರುಗಿದರೆ ಅವಳು ಮುಂದಿನ ಲೆಕ್ಕದಲ್ಲಿ ಮುಳುಗಿದ್ದಳು: 5ರ ಕೆಳಗೆ ಎಕ್ಸ್ ವರ್ಗ ಪ್ಲಸ್ 4. ಮೈನಸ್ 2 ಹಾಕಿ 8 ಬಂದಿದ್ದನ್ನು ಹೊಡೆದಿದ್ದಳು. ಸೊನ್ನೆ ಹಾಕಿ 4 ಬಂದಿತ್ತು. ಪೆನ್ಸಿಲ್ ತುದಿ ಕಚ್ಚುತ್ತಾ ಬಹಳ ಹೊತ್ತು ಕೂತಳು.

‘ಅಮ್ಮ, ಇದರ ಛೇದ 4ಕ್ಕಿಂತ ಕೆಳಗೆ ಇಳಿಯೋದೇ ಇಲ್ಲ’ ಅಂದಳು.