ಆ ಗೆರೆ ಅಲ್ಲಿಯೇ ಏಕೆ, ಮಿಸ್?

ಬಿ.ಇಡಿ. ಓದುವಾಗ ಪಾಠಾಭ್ಯಾಸಕ್ಕೆಂದು ನನ್ನನ್ನು ಹಾಕಿದ್ದು ಚಿಕ್ಕಮಗಳೂರಿನ ಒಂದು ಸರ್ಕಾರಿ ಪ್ರೌಢಶಾಲೆಗೆ. ಎಂಟನೇ ತರಗತಿಗೆ ಅಕ್ಷಾಂಶ, ರೇಖಾಂಶದ ಪಾಠ. ಗ್ಲೋಬ್ ಹಿಡಿದು, 0 ಡಿಗ್ರಿ ರೇಖಾಂಶ ಇಂಗ್ಲೆಂಡಿನ ಗ್ರೀನಿಚ್ ಮೂಲಕ ಹೋಗುತ್ತದೆ ಎಂದು ತೋರಿಸುತ್ತಿದ್ದೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಮಿಸ್, ಆ ಗೆರೆ ಅಲ್ಲಿಯೇ ಏಕೆ? ನಮ್ಮೂರಿನ ಮೇಲೆ ಏಕಿಲ್ಲ?" ಹಿಂದಿನ ಬೆಂಚಿನಲ್ಲಿ ವೀಕ್ಷಕರು ಅಂಕಪಟ್ಟಿ ಹಿಡಿದು ಕುಳಿತಿದ್ದರು. ಗಂಟೆ ಹೊಡೆಯಲು ಐದು ನಿಮಿಷ ಇತ್ತು. "ಎಲ್ಲ ದೇಶದವರೂ ಸೇರಿ ಹಾಗೆ ತೀರ್ಮಾನಿಸಿದ್ದಾರೆ, ಕುಳಿತುಕೋ" ಎಂದೆ. ಅವಳು ಕುಳಿತಳು. ಬೋಧನೋಪಕರಣ ಚೆನ್ನಾಗಿ ಬಳಸಿದ್ದಕ್ಕೆ ನನಗೆ ಒಳ್ಳೆಯ ಅಂಕ ಬಂತು. ಅವಳು ಕುಳಿತುಕೊಂಡ ಆ ರೀತಿ ಮಾತ್ರ ಮನಸ್ಸಿನಿಂದ ಹೋಗಲಿಲ್ಲ.

ಅದಾಗಿ ಎರಡು ವರ್ಷಕ್ಕೆ ನಾನು ಇಂಗ್ಲೆಂಡಿನಲ್ಲಿದ್ದೆ, ಮತ್ತೆ ಪ್ರಶಿಕ್ಷಣಾರ್ಥಿಯಾಗಿಯೇ. ಭೂಗೋಳ ಶಿಕ್ಷಕಿಯಾಗುವ ಒಂದು ವರ್ಷದ ತರಬೇತಿ. ಬೆಡ್‌ಫರ್ಡ್ ಸಮೀಪದ ಶಾಲೆಯೊಂದರಲ್ಲಿ ಬೋಧನೆ. ಮೊದಲ ಏಳೆಂಟು ವಾರ ಪಾಠ ಯೋಜನೆ ಬರೆಯುವುದರಲ್ಲೇ ಶನಿವಾರ, ಭಾನುವಾರ ಕಳೆದುಹೋದವು. ರೈಲಿನಲ್ಲಿ ಒಂದು ಗಂಟೆಯಷ್ಟೇ ದೂರವಿದ್ದ ಲಂಡನ್ನನ್ನು ವಿಮಾನ ನಿಲ್ದಾಣದಿಂದ ಬಂದ ದಿನ ಬಸ್ಸಿನ ಕಿಟಕಿಯಲ್ಲಿ ಕಂಡಿದ್ದೆ, ಅಷ್ಟೇ. ಅಕ್ಟೋಬರ್ ಕೊನೆಯಲ್ಲಿ ಶಾಲೆಗೆ ಒಂದು ವಾರದ ಅರ್ಧಾವಧಿ ರಜೆ ಸಿಕ್ಕಿತು. ಈಸ್ಟ್ ಹ್ಯಾಮ್‌ನಲ್ಲಿರುವ ದೊಡ್ಡಮ್ಮನ ಮಗಳು ಫೋನ್ ಮಾಡಿ, "ಈ ವಾರವೂ ಬರದಿದ್ದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ" ಎಂದಳು. ಎರಡು ಜೊತೆ ಬಟ್ಟೆ ತುಂಬಿಕೊಂಡು ಹೊರಟೆ.

ಶನಿವಾರ ಎಲ್ಲರೂ ನೋಡುವುದನ್ನೇ ನಾನೂ ನೋಡಿದೆ. ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಮೇಲೆ ನಿಂತು ಬಿಗ್ ಬೆನ್ ಹನ್ನೊಂದು ಹೊಡೆಯುವುದನ್ನು ಕೇಳಿದೆ. ಆ ದೊಡ್ಡ ಗಡಿಯಾರದ ಲೋಲಕದ ಮೇಲೆ ಹಳೆಯ ಪೆನ್ನಿ ನಾಣ್ಯಗಳನ್ನು ಪೇರಿಸಿ ಇಟ್ಟಿರುತ್ತಾರೆ. ಒಂದು ನಾಣ್ಯ ಹೆಚ್ಚಿಗೆ ಇಟ್ಟರೆ ಗಡಿಯಾರ ದಿನಕ್ಕೆ 0.4 ಸೆಕೆಂಡ್ ಮುಂದೆ ಓಡುತ್ತದೆ. ಒಂದು ದೇಶದ ಸಮಯವನ್ನು ಒಂದು ನಾಣ್ಯದಿಂದ ತಿದ್ದುತ್ತಾರೆ ಎಂಬುದು ನನಗೆ ಗೋಪುರಕ್ಕಿಂತಲೂ ದೊಡ್ಡದಾಗಿ ಕಂಡಿತು.

ಸೇತುವೆ ದಾಟಿ ನದಿಯ ದಂಡೆ ಹಿಡಿದು ನಡೆದೆ. ಆ ದಾರಿಯ ಗೋಡೆಯುದ್ದಕ್ಕೂ ಕೆಂಪು ಹೃದಯಗಳ ಚಿತ್ರಗಳಿವೆ. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೆ ಒಂದೊಂದು, ಕೈಯಿಂದಲೇ ಬರೆದದ್ದು. 2021ರ ಮಾರ್ಚ್‌ನಲ್ಲಿ ಬರೆಯಲು ಆರಂಭಿಸಿದರಂತೆ. ಸುಮಾರು ಅರ್ಧ ಕಿಲೋಮೀಟರ್ ಹೋದರೂ ಹೃದಯಗಳು ಮುಗಿಯಲಿಲ್ಲ. ಕೆಲವು ಮಾಸಿ ತಿಳಿ ಗುಲಾಬಿಯಾಗಿದ್ದವು, ಒಳಗಿನ ಹೆಸರು ಅಳಿಸಿಹೋಗಿತ್ತು. ಅದೇ ವರ್ಷದ ಮೇ ತಿಂಗಳಿನಲ್ಲಿ ನಮ್ಮ ಅಜ್ಜಿ ಹೋದರು. ಮುಖ ನೋಡಲು ಇಬ್ಬರನ್ನು ಮಾತ್ರ ಬಿಟ್ಟಿದ್ದರು, ಆ ಇಬ್ಬರಲ್ಲಿ ನಾನಿರಲಿಲ್ಲ. ಅಳಿಸಿಹೋಗಿದ್ದ ಒಂದು ಹೃದಯದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ.

ಅಲ್ಲಿಂದ ಮುಂದೆ, ಲ್ಯಾಂಬೆತ್ ಸೇತುವೆಯ ಸಮೀಪ, ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದು. ಅದರ ಹಿಂದೆ ಓಡಾಡಿದವರು ಕಲಬುರಗಿ ಮೂಲದವರಾದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲ್. ನದಿಯಾಚೆ ಬ್ರಿಟನ್ನಿನ ಸಂಸತ್ತು, ಈಚೆ ಅನುಭವ ಮಂಟಪ ಕಟ್ಟಿದವರು. ನಾನು ಚಪ್ಪಲಿ ಬಿಟ್ಟು ನಮಸ್ಕರಿಸುತ್ತಿದ್ದುದನ್ನು ನೋಡಿ, ಮೊಮ್ಮಗನ ಕೈ ಹಿಡಿದುಕೊಂಡಿದ್ದ ಹಿರಿಯರೊಬ್ಬರು ಹತ್ತಿರ ಬಂದು, "ಯಾವ ಊರಮ್ಮಾ ನಿಮ್ಮದು?" ಎಂದರು. ಚಿಕ್ಕಮಗಳೂರು ಎಂದೆ. "ನಾವು ಬಾಗಲಕೋಟೆ ಕಡೆಯವರು. ಇಲ್ಲಿಗೆ ಬಂದರೆ ಒಬ್ಬರಾದರೂ ಸಿಗುತ್ತಾರೆ ಎಂದು ಬರುತ್ತೇನೆ, ಮಾತಾಡಲು" ಎಂದರು. ಎರಡು ತಿಂಗಳಲ್ಲಿ ಎದುರಿಗೆ ನಿಂತವರೊಂದಿಗೆ ಕನ್ನಡ ಮಾತಾಡಿದ್ದು ಅದೇ ಮೊದಲು. ಅವರ ಜೊತೆ ಬೆಂಚಿನ ಮೇಲೆ ಕುಳಿತು ಮುಕ್ಕಾಲು ಗಂಟೆ ಕಳೆದೆ. ಅದರಿಂದಾಗಿ ಮಧ್ಯಾಹ್ನ ನೋಡಬೇಕೆಂದಿದ್ದ ಎರಡು ಕಡೆ ತಪ್ಪಿಹೋದವು. ಇವತ್ತಿಗೂ ಆ ಬಗ್ಗೆ ಬೇಸರವಿಲ್ಲ.

ರಾತ್ರಿ ಊಟಕ್ಕೆ ಅಕ್ಕ ಬಿಸಿ ಸಾರು, ಹಪ್ಪಳ ಮಾಡಿದ್ದಳು. "ಇವತ್ತು ಒಂದು ಗಂಟೆ ಹೆಚ್ಚು ನಿದ್ದೆ ಮಾಡಬಹುದು, ಗಡಿಯಾರ ಹಿಂದಕ್ಕೆ ಹೋಗುತ್ತದೆ" ಎಂದರು ಭಾವ. ಅಕ್ಟೋಬರ್ ಕೊನೆಯ ಭಾನುವಾರ ಬೆಳಗಿನ ಜಾವ ಎರಡು ಗಂಟೆಗೆ ಇಲ್ಲಿ ಬೇಸಿಗೆ ಸಮಯ (ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು) ಮುಗಿದು, ಗಡಿಯಾರ ಮತ್ತೆ ಒಂದು ಗಂಟೆಯಾಗುತ್ತದೆ. ತರಗತಿಯಲ್ಲಿ ಹೇಳಿಕೊಟ್ಟ ವಿಷಯವೇ. ಆದರೆ ಬೆಳಿಗ್ಗೆ ಎದ್ದಾಗ ಮೊಬೈಲ್ ಚಾರ್ಜಿಗೆ ಹಾಕಿದ್ದೆ, ಅಡುಗೆಮನೆಯ ಗೋಡೆ ಗಡಿಯಾರ ಎಂಟು ತೋರಿಸುತ್ತಿತ್ತು. ಅದನ್ನು ಯಾರೂ ತಿದ್ದಿರಲಿಲ್ಲ. ಮಲಗಿದ್ದವರನ್ನು ಎಬ್ಬಿಸದೆ ಸ್ನಾನ ಮುಗಿಸಿ ಗ್ರೀನಿಚ್‌ಗೆ ಹೊರಟೆ. ಎರಡು ಕಡೆ ರೈಲು ಬದಲಿಸಿ ಕಟಿ ಸಾರ್ಕ್ ನಿಲ್ದಾಣದಲ್ಲಿ ಇಳಿದಾಗ ಮೊಬೈಲಿನಲ್ಲಿ ಇನ್ನೂ ಎಂಟೂವರೆ. ಸೊನ್ನೆಯ ಗೆರೆ ಇರುವ ಅಲ್ಲಿನ ಹಳೆಯ ಖಗೋಳ ವೀಕ್ಷಣಾಲಯದ ಬಾಗಿಲು ತೆರೆಯುವುದು ಹತ್ತಕ್ಕೆ.

ಹಾಗಾಗಿ ಗ್ರೀನಿಚ್ ಉದ್ಯಾನದ ಗುಡ್ಡವನ್ನು ನಿಧಾನವಾಗಿ ಹತ್ತಿದೆ. ಹುಲ್ಲಿನ ಮೇಲೆ ಇಬ್ಬನಿ, ಕಾಲ ಕೆಳಗೆ ಹಳದಿ ಎಲೆ. ಗುಡ್ಡದ ತುದಿಯಿಂದ ನೋಡಿದರೆ ನದಿಯ ತಿರುವು, ಅದರಾಚೆ ಗಾಜಿನ ಕಟ್ಟಡಗಳು. ವೀಕ್ಷಣಾಲಯದ ಗೇಟಿನ ಪಕ್ಕದ ಗೋಡೆಯಲ್ಲಿ 1852ರ ಗಡಿಯಾರವೊಂದಿದೆ. ಅದನ್ನು ನೋಡಲು ಟಿಕೆಟ್ ಬೇಡ. ಅದರ ಮುಖದ ಮೇಲೆ ಹನ್ನೆರಡಲ್ಲ, ಇಪ್ಪತ್ನಾಲ್ಕು ಗಂಟೆಗಳು. ಸೊನ್ನೆ ಮೇಲೆ, ಹನ್ನೆರಡು ಕೆಳಗೆ. ಆಗ ಸಮಯ ಒಂಬತ್ತು. ಗಂಟೆ ಮುಳ್ಳು ಮಾತ್ರ ನಮ್ಮ ಮನೆಯ ಗಡಿಯಾರದಲ್ಲಿ ನಾಲ್ಕೂವರೆಗೆ ಎಲ್ಲಿರುತ್ತದೋ ಅಲ್ಲಿತ್ತು. ಈ ಗಡಿಯಾರ ಬೇಸಿಗೆ ಸಮಯಕ್ಕೆ ಬದಲಾಗುವುದೇ ಇಲ್ಲ, ವರ್ಷವಿಡೀ ಗ್ರೀನಿಚ್ ಸಮಯವನ್ನೇ ತೋರಿಸುತ್ತದೆ. ಅಂದರೆ ಏಳು ತಿಂಗಳಿನಿಂದ ದೇಶವೆಲ್ಲ ಅದಕ್ಕಿಂತ ಒಂದು ಗಂಟೆ ಮುಂದಿತ್ತು. ಅಂದು ಬೆಳಗಿನ ಜಾವವಷ್ಟೇ ದೇಶ ಮತ್ತೆ ಬಂದು ಅದರ ಜೊತೆ ಸೇರಿಕೊಂಡಿತ್ತು. ಮೊಬೈಲನ್ನು ಅದರ ಪಕ್ಕಕ್ಕೆ ಹಿಡಿದು ನೋಡಿದೆ. ಎರಡೂ ಒಂದೇ. ಪಠ್ಯಪುಸ್ತಕದ ಒಂದು ಸಾಲು ಕಣ್ಣೆದುರು ಹೀಗೆ ತಾಳೆಯಾಗುವುದನ್ನು ನೋಡಲು ನಾನು ಇನ್ನೊಂದು ಗಂಟೆ ಮುಂಚೆ ಬೇಕಾದರೂ ಬರುತ್ತಿದ್ದೆ.

ಟಿಕೆಟ್ ಬೆಲೆಯನ್ನು ರೂಪಾಯಿಗೆ ಗುಣಿಸಿದಾಗ ಸಾವಿರ ದಾಟಿತು. ಗೆರೆಯ ಮುಂದುವರಿಕೆಯನ್ನು ಹೊರಗಿನ ಗೋಡೆಯ ಮೇಲೂ ಗುರುತಿಸಿದ್ದಾರೆ, ಅದನ್ನು ನೋಡಲು ಹಣ ಕೊಡಬೇಕಿಲ್ಲ. ಆದರೆ ಆ ಹುಡುಗಿಯ ಪ್ರಶ್ನೆಗೆ ಉತ್ತರ ಒಳಗಿತ್ತು. ಹಣ ಕೊಟ್ಟು ಒಳಗೆ ಹೋದೆ.

ಜಾನ್ ಹ್ಯಾರಿಸನ್ನನ ಗಡಿಯಾರಗಳ ಮುಂದೆ ನಾನು ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಸಮುದ್ರದಲ್ಲಿ ರೇಖಾಂಶ ಕಂಡುಹಿಡಿಯುವ ದಾರಿ ತೋರಿಸಿದವರಿಗೆ 20,000 ಪೌಂಡ್ ಕೊಡುವುದಾಗಿ 1714ರಲ್ಲಿ ಬ್ರಿಟನ್ನಿನ ಸಂಸತ್ತು ಕಾಯಿದೆ ಮಾಡಿತು. ದೊಡ್ಡ ದೊಡ್ಡ ವಿದ್ವಾಂಸರು ಆಕಾಶದಲ್ಲಿ ಉತ್ತರ ಹುಡುಕುತ್ತಿದ್ದಾಗ, ಮರಗೆಲಸದ ಕುಟುಂಬದ ಹ್ಯಾರಿಸನ್ ಗಡಿಯಾರ ಮಾಡುತ್ತಾ ಕುಳಿತ. ಬಂದರಿನ ಸಮಯವನ್ನು ತಪ್ಪದೆ ಹೊತ್ತೊಯ್ಯುವ ಗಡಿಯಾರ ಹಡಗಿನಲ್ಲಿದ್ದರೆ ಸಾಕು. ಹಡಗಿನ ನೆತ್ತಿಯ ಮೇಲೆ ಸೂರ್ಯ ಬಂದಾಗ ಆ ಗಡಿಯಾರ ಎಷ್ಟು ಗಂಟೆ ತೋರಿಸುತ್ತದೆ ಎಂದು ನೋಡಿದರೆ ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ದೂರ ಬಂದಿದ್ದೇವೆಂದು ತಿಳಿಯುತ್ತದೆ. ಮೊದಲ ಗಡಿಯಾರ ಹಿತ್ತಾಳೆಯ ದೊಡ್ಡ ಯಂತ್ರ, ಎರಡು ತೋಳುಗಳು ಇವತ್ತಿಗೂ ತೂಗುತ್ತಿವೆ. 1759ರಲ್ಲಿ ಮುಗಿದ ನಾಲ್ಕನೆಯದು ಅಂಗೈ ತುಂಬುವ ಒಂದು ದೊಡ್ಡ ಜೇಬುಗಡಿಯಾರ. ಸವೆಯಬಾರದೆಂದು ಅದನ್ನು ನಿಲ್ಲಿಸಿಟ್ಟಿದ್ದಾರೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು, ಅದನ್ನೇ "ಒಂದು ಡಿಗ್ರಿಗೆ ನಾಲ್ಕು ನಿಮಿಷ" ಎಂದು ನಾನು ಮಕ್ಕಳ ಬಾಯಲ್ಲಿ ಮೂರು ಮೂರು ಸಲ ಹೇಳಿಸಿದ್ದೆ. ಆ ನಾಲ್ಕು ನಿಮಿಷದ ಲೆಕ್ಕ ಸಿಗದೆ ಹಡಗುಗಳು ಬಂಡೆಗೆ ಬಡಿದು ಮುಳುಗಿದವು, ಅದನ್ನು ಹಿಡಿಯಲು ಒಬ್ಬ ಮನುಷ್ಯ ಆಯುಸ್ಸನ್ನೇ ಕೊಟ್ಟ ಎಂದು ಒಂದು ಸಲವೂ ಹೇಳಿರಲಿಲ್ಲ.

ಆಮೇಲೆ ಅಂಗಳದ ಗೆರೆ. ಲೋಹದ ಪಟ್ಟಿ, ಅದರ ಮೇಲೆ ಒಂದೊಂದು ಕಡೆಗೆ ಒಂದೊಂದು ಕಾಲಿಟ್ಟು ಚಿತ್ರ ತೆಗೆಸಿಕೊಳ್ಳುವವರ ಸಾಲು. ನಾನೂ ಸಾಲಿನಲ್ಲಿ ನಿಂತೆ, ನನ್ನ ಸರದಿ ಬಂದಾಗ ಎದೆ ನಿಜವಾಗಿಯೂ ಹೊಡೆದುಕೊಂಡಿತು. ಎಡಗಾಲು ಪಶ್ಚಿಮಾರ್ಧಗೋಳ, ಬಲಗಾಲು ಪೂರ್ವಾರ್ಧಗೋಳ. ಈ ಗೆರೆಯನ್ನು ನಿರ್ಧರಿಸುವುದು ಪಕ್ಕದ ಕೋಣೆಯಲ್ಲಿರುವ, ಈ ವೀಕ್ಷಣಾಲಯದ ಮುಖ್ಯಸ್ಥನಾಗಿದ್ದ ಜಾರ್ಜ್ ಏರಿಯ ದೂರದರ್ಶಕ. 1851ರಿಂದ ಅದರಲ್ಲಿ ನಕ್ಷತ್ರಗಳನ್ನು ಅಳೆದರು. ಅದಕ್ಕೂ ಮೊದಲು ಬಳಕೆಯಲ್ಲಿದ್ದದ್ದು ಏರಿಗಿಂತ ಹಿಂದಿನ ಮುಖ್ಯಸ್ಥರಲ್ಲಿ ಒಬ್ಬನಾದ ಬ್ರಾಡ್ಲಿಯ ಗೆರೆ. ಅದು ಅದೇ ಕಟ್ಟಡದಲ್ಲಿ ಇದಕ್ಕಿಂತ ಸುಮಾರು ಆರು ಮೀಟರ್ ಪಶ್ಚಿಮಕ್ಕಿದೆ. ಬ್ರಿಟನ್ನಿನ ಸರ್ಕಾರಿ ನಕ್ಷೆಗಳು ಇವತ್ತಿಗೂ ಆ ಹಳೆಯ ಗೆರೆಯನ್ನೇ ನಂಬಿಕೊಂಡಿವೆ. ಇದನ್ನು ಓದಿದಾಗ ನನಗೆ ತಟ್ಟನೆ ಆ ಹುಡುಗಿಯ ಮುಖ ನೆನಪಾಯಿತು. ದೂರದರ್ಶಕ ಪಕ್ಕದ ಕೋಣೆಗೆ ಹೋದರೆ ಸೊನ್ನೆಯೂ ಹಿಂದೆಯೇ ಹೋಗುತ್ತದೆ! ಭೂಮಿಯ ಮೇಲೆ ಸಮಭಾಜಕ ವೃತ್ತಕ್ಕೆ ಕಾರಣವಿದೆ, ಧ್ರುವಗಳಿಗೆ ಕಾರಣವಿದೆ. ಈ ಗೆರೆಗೆ ಭೂಮಿ ಕೊಟ್ಟ ಕಾರಣ ಯಾವುದೂ ಇಲ್ಲ.

ಕೊಟ್ಟವರು ಮನುಷ್ಯರು. 1884ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳು ಸೇರಿದವು. ಗ್ರೀನಿಚ್ ಪರವಾಗಿ 22 ಮತ, ವಿರುದ್ಧ ಒಂದು. ಫ್ರಾನ್ಸ್ ಮತ್ತು ಬ್ರೆಜಿಲ್ ಮತ ಹಾಕಲಿಲ್ಲ. ಆಗಲೇ ಜಗತ್ತಿನ ಹಡಗು ಸಾಗಣೆಯ 72 ಶೇಕಡಾ ಗ್ರೀನಿಚ್ ಗೆರೆಯ ನಕ್ಷೆಗಳನ್ನೇ ಬಳಸುತ್ತಿತ್ತು, ಅದೇ ದೊಡ್ಡ ಕಾರಣ. ಭಾರತ ಅಲ್ಲಿ ಸ್ವತಂತ್ರ ದೇಶವಾಗಿ ಕೂರಲಿಲ್ಲ. ಎಲ್ಲ ದೇಶದವರೂ ಸೇರಿ ಎಂದು ನಾನು ತರಗತಿಯಲ್ಲಿ ಹೇಳಿದ್ದೆನಲ್ಲ, ಆ "ಎಲ್ಲ"ದರಲ್ಲಿ ನಾವಿರಲಿಲ್ಲ.

ಒಂದು ಗಂಟೆಗೆ ಐದು ನಿಮಿಷ ಇರುವಾಗ ಜನ ತಲೆಯೆತ್ತಿ ನಿಂತರು. ಮೇಲಿನ ಗೋಪುರದ ಕಂಬದ ಮೇಲೆ ಕೆಂಪು ಚೆಂಡೊಂದು ಅರ್ಧದವರೆಗೆ ಏರಿತು. 1833ರಿಂದ ಇದು ದಿನವೂ ನಡೆಯುವ ಕೆಲಸ. ನದಿಯಲ್ಲಿ ನಿಂತ ಹಡಗಿನವರು ಇದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ನಾನು ಅಮ್ಮನಿಗೆ ವಿಡಿಯೊ ಕರೆ ಮಾಡಿದೆ. "ಏನಮ್ಮಾ, ಇನ್ನೂ ಒಂದು ಗಂಟೆಯಾ ಅಲ್ಲಿ? ನಿನ್ನೆ ನಾಲ್ಕೂವರೆ ಗಂಟೆ ವ್ಯತ್ಯಾಸ ಎಂದೆಯಲ್ಲ, ಇಲ್ಲಿ ಆರೂವರೆ ಆಯಿತು" ಎಂದಳು. "ಇವತ್ತಿನಿಂದ ಐದೂವರೆ, ಅಮ್ಮ. ತಡಿ, ಒಂದು ತೋರಿಸುತ್ತೇನೆ" ಎಂದು ಮೊಬೈಲನ್ನು ಮೇಲಕ್ಕೆ ಹಿಡಿದೆ. ಚೆಂಡು ತುದಿಗೇರಿ ಎರಡು ನಿಮಿಷ ನಿಂತು, ಸರಿಯಾಗಿ ಒಂದಕ್ಕೆ ಜಾರಿ ಬಿತ್ತು. ಕೈ ಇಳಿಸಿ ನೋಡಿದರೆ ತೆರೆಯ ಮೇಲೆ ನಮ್ಮ ಮನೆಯ ಹೊಸ್ತಿಲು, ಅದರ ಎರಡು ಬದಿಗೆ ಆಗಷ್ಟೇ ಹಚ್ಚಿದ ದೀಪಗಳು.

ಉದ್ಯಾನದಿಂದ ಹೊರಡುವ ಮುಂಚೆ ಇನ್ನೊಂದು ಕೆಲಸವಿತ್ತು. ಅಂಗಳದ ಗೆರೆಯ ಮೇಲೆ ನಿಂತಾಗ ನನ್ನ ಮೊಬೈಲ್ ಸೊನ್ನೆ ತೋರಿಸಿರಲಿಲ್ಲ, ಐದು ಸೆಕೆಂಡು ಪಶ್ಚಿಮ ಎಂದಿತ್ತು (ಇದು ಸಮಯದ ಸೆಕೆಂಡಲ್ಲ, ಒಂದು ಡಿಗ್ರಿಯ 3,600ನೇ ಒಂದು ಭಾಗ). ಏರಿ ತನ್ನ ಯಂತ್ರದ ಲಂಬವನ್ನು ಪಾದರಸದ ಬಟ್ಟಲಿನಿಂದ ಹಿಡಿದಿದ್ದ. ಪಾದರಸ ಆ ಜಾಗದ ಗುರುತ್ವವನ್ನು ಅನುಸರಿಸಿ ಮಟ್ಟವಾಗುತ್ತದೆ, ಆ ಎಳೆತ ಭೂಮಿಯ ಕೇಂದ್ರದ ಕಡೆಗೇ ನೇರವಾಗಿ ಇರಬೇಕೆಂದಿಲ್ಲ. ಉಪಗ್ರಹಗಳು ಕೇಂದ್ರದಿಂದಲೇ ಅಳೆಯುತ್ತವೆ. ಹಾಗಾಗಿ ಈಗಿನ ಸೊನ್ನೆ ಆ ಗೆರೆಯಿಂದ 102 ಮೀಟರ್ ಪೂರ್ವಕ್ಕಿದೆ. ಮೊಬೈಲ್ ಹಿಡಿದು ಹುಲ್ಲಿನ ಮೇಲೆ ಹೆಜ್ಜೆ ಹೆಜ್ಜೆ ನಡೆದೆ. ನಾಲ್ಕು, ಮೂರು, ಒಂದು, ಆಮೇಲೆ ಸೊನ್ನೆಗಳ ಸಾಲು. ಅಲ್ಲಿ ಪಟ್ಟಿಯಿಲ್ಲ, ಸಾಲಿಲ್ಲ. ಒಂದು ನಾಯಿ ಚೆಂಡನ್ನು ಅಟ್ಟಿಸಿಕೊಂಡು ಪೂರ್ವದಿಂದ ಪಶ್ಚಿಮಕ್ಕೆ ಓಡಿತು.

ಅಲ್ಲಿಯೇ ಕುಳಿತು ಚಿಕ್ಕಮಗಳೂರಿನ ಶಾಲೆಯ ಸಮಾಜ ವಿಜ್ಞಾನದ ಮೇಡಂಗೆ ಧ್ವನಿ ಸಂದೇಶ ಕಳುಹಿಸಿದೆ. ಆ ಹುಡುಗಿ ಈಗ ಹತ್ತನೇ ತರಗತಿ. ಅವಳ ಪ್ರಶ್ನೆಗೆ ಅಂದು ಅರ್ಧ ಉತ್ತರ ಕೊಟ್ಟಿದ್ದೆ, ಉಳಿದದ್ದು ಇದು ಎಂದು ಹಡಗು, ಗಡಿಯಾರ, ವಾಷಿಂಗ್ಟನ್ನಿನ ಮತ ಎಲ್ಲವನ್ನೂ ಹೇಳಿದೆ. ಅದರ ಜೊತೆಗೆ, ಗ್ರೀನಿಚ್ ಗೆರೆ ಹುಟ್ಟುವುದಕ್ಕೆ ನೂರಾರು ವರ್ಷ ಮೊದಲೇ ನಮ್ಮ ಜ್ಯೋತಿಷಿಗಳು ಸೊನ್ನೆಯ ಗೆರೆಯನ್ನು ಉಜ್ಜಯಿನಿಯ ಮೇಲೆ ಎಳೆದಿದ್ದರು. ಸೂರ್ಯಸಿದ್ಧಾಂತದಲ್ಲಿ ಆ ಮಾತಿದೆ. ಉಜ್ಜಯಿನಿಯ ರೇಖಾಂಶ ಸುಮಾರು 75.8 ಡಿಗ್ರಿ. ಚಿಕ್ಕಮಗಳೂರಿನದೂ ಹೆಚ್ಚುಕಡಿಮೆ ಅದೇ. ನಮ್ಮೂರಿನ ಮೇಲೆ ಏಕಿಲ್ಲ ಎಂದು ಅವಳು ಕೇಳಿದ್ದಳು, ಒಂದು ಕಾಲದಲ್ಲಿ ಇತ್ತು ಎಂದು ಹೇಳಿ ಎಂದೆ.

ಸೋಮವಾರ ಬೆಳಿಗ್ಗೆ, ಬೆಡ್‌ಫರ್ಡ್ ರೈಲು ಹತ್ತುವಾಗ ಉತ್ತರ ಬಂತು. ಮೇಡಂ ಅವಳ ಕೈಗೇ ಮೊಬೈಲ್ ಕೊಟ್ಟಿದ್ದರು. ಹಿನ್ನೆಲೆಯಲ್ಲಿ ಮಕ್ಕಳ ಗಲಾಟೆ. "ಮಿಸ್, ಹಾಗಾದರೆ ಆ ಗೆರೆ ನಮ್ಮ ಶಾಲೆಯ ಯಾವ ಕಡೆಗೆ ಹೋಗುತ್ತದೆ? ಬಾವಿಯ ಕಡೆಗಾ, ಗೇಟಿನ ಕಡೆಗಾ?"

ಕಿಟಕಿ ಪಕ್ಕದ ಸೀಟು ಹಿಡಿದು, ಬ್ಯಾಗಿನಿಂದ ನೋಟ್ ಪುಸ್ತಕ ತೆಗೆದು, ಮೊಬೈಲಿನಲ್ಲಿ ನಕ್ಷೆಯನ್ನು ಶಾಲೆಯ ಅಂಗಳ ಕಾಣುವವರೆಗೆ ಹಿಗ್ಗಿಸಿದೆ.