ಎನರ್ವೇಟ್ ಅಂದ್ರೆ ಎನರ್ಜಿ ಅಲ್ವಂತೆ

ಮಾರ್ಚ್ 9, 2025, ಭಾನುವಾರ ರಾತ್ರಿ

ಇವತ್ತು ಮರ್ಯಾದೆ ಹೋಯ್ತು. ಹೋದ ವಾರ ಒಬ್ರು ಸೀನಿಯರ್ ಮಾತಾಡಿದ್ದು ನಂಗೆ ತುಂಬ ಹಿಡಿಸಿತ್ತು, ಥ್ಯಾಂಕ್ಸ್ ಹೇಳಿ ಒಂದು ಮೇಲ್ ಹಾಕೋಣ ಅಂತ ಕೂತವನು ಸುಮ್ನೆ ಗುಡ್, ನೈಸ್ ಅಂತ ಮುಗಿಸೋದು ಬಿಟ್ಟು, ಎರಡು ತಿಂಗಳಿಂದ ಉರು ಹೊಡೀತಿರೋ ದೊಡ್ಡ ದೊಡ್ಡ ಇಂಗ್ಲಿಷ್ ಪದಗಳಲ್ಲಿ ಒಂದನ್ನ ಹೊರಗೆ ತೆಗೆದು 'ಯುವರ್ ಟಾಕ್ ವಾಸ್ ಟ್ರೂಲಿ ಎನರ್ವೇಟಿಂಗ್' ಅಂತ ಕಳಿಸಿಬಿಟ್ಟಿದ್ದೆ. ಬೆಳಿಗ್ಗೆ ಉತ್ತರ ಬಂತು: ಅಷ್ಟು ಸುಸ್ತು ಮಾಡಿದ್ದಕ್ಕೆ ಸಾರಿ ಅಂತ, ಕೊನೇಲಿ ಒಂದು ನಗೋ ಇಮೋಜಿ.

ಡಿಕ್ಷನರಿ ತೆಗೆದೆ. ಎನರ್ವೇಟ್ ಅಂದ್ರೆ ಇರೋ ತ್ರಾಣನೂ ಹೀರಿಬಿಡೋದು. ಲ್ಯಾಟಿನ್ ಮೂಲದಲ್ಲಿ ನರ ಕಿತ್ತು ಹಾಕೋದು ಅನ್ನೋ ಅರ್ಥ! ನಾನು ಎನರ್ಜಿ ಥರ ಕೇಳ್ಸುತ್ತಲ್ಲ ಅಂತ ಧೈರ್ಯ ಮಾಡಿದ್ದೆ. ಇಂಥವು ಇನ್ನೂ ಇವೆ, ನಾಯ್ಸಮ್ ಅಂದ್ರೆ ಗಲಾಟೆ ಅಲ್ಲ, ಗಬ್ಬು ವಾಸನೆ.

ಆಮೇಲೆ ನೋಟ್‌ಬುಕ್ ತಿರುವಿ ನೋಡ್ದೆ. ದಿನಕ್ಕೆ 10 ಪದ, ಪ್ರತಿಯೊಂದಕ್ಕೂ ಒಂದು ವಾಕ್ಯ, ಶಿಸ್ತೇನೋ ಭರ್ಜರಿ. ಆದ್ರೆ ವಾಕ್ಯಗಳು? 'ಹೀ ಈಸ್ ಎ ಗ್ರೆಗೇರಿಯಸ್ ಮ್ಯಾನ್.' ಗ್ರೆಗೇರಿಯಸ್ ತೆಗೆದು ಅಲ್ಲಿ ಕುಳ್ಳ, ಜಿಪುಣ, ಏನ್ ಹಾಕಿದ್ರೂ ನಡಿಯುತ್ತೆ, ಅಂದ್ಮೇಲೆ ಅದು ಪದಕ್ಕೆ ಬರೆದ ವಾಕ್ಯನೇ ಅಲ್ಲ, ಪದವನ್ನ ತಂದು ಕೂರಿಸಿದ ಖಾಲಿ ಕುರ್ಚಿ ಅಷ್ಟೆ. ಅದೇ ಜಾಗದಲ್ಲಿ, ನಮ್ಮಣ್ಣ ಎಷ್ಟು ಗ್ರೆಗೇರಿಯಸ್ ಅಂದ್ರೆ ಬಸ್ಸಲ್ಲಿ ಪಕ್ಕ ಕೂತವ್ರ ಮನೆ ಸಮಾಚಾರವೆಲ್ಲ ಇಳಿಯೋಷ್ಟ್ರಲ್ಲಿ ತಿಳ್ಕೊಂಡಿರ್ತಾನೆ ಅಂತ ಬರೆದು ಪದದ ಮೇಲೆ ಬೆರಳಿಟ್ಟು ಮುಚ್ಚಿದ್ರೂ ಅರ್ಥ ಊಹೆ ಮಾಡಬಹುದು. ಇನ್ಮೇಲೆ ಈ ಬೆರಳಿನ ಟೆಸ್ಟ್ ಪಾಸಾಗದ ವಾಕ್ಯ ನೋಟ್‌ಬುಕ್‌ಗೆ ಬೇಡ.

1885ರಲ್ಲಿ ಎಬ್ಬಿಂಗ್‌ಹಾಸ್ ಅನ್ನೋ ಜರ್ಮನ್ ಮನಃಶಾಸ್ತ್ರಜ್ಞ ಮರೆವಿನ ಲೆಕ್ಕ ಪ್ರಕಟ ಮಾಡಿದ್ದ, ತನ್ನ ಮೇಲೇ ಪ್ರಯೋಗ ಮಾಡ್ಕೊಂಡು, ಅರ್ಥ ಇಲ್ಲದ ಅಕ್ಷರಗುಚ್ಛಗಳನ್ನ ಬಾಯಿಪಾಠ ಮಾಡಿ. ಕಲಿತ ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ ಸೋರಿಹೋಗುತ್ತಂತೆ. ಹಿಂದೆಮುಂದೆ ಏನೂ ಅಂಟಿಲ್ಲದ ನನ್ನ ಪದಗಳೂ ಒಂಥರ ಅಂಥ ಅಕ್ಷರಗುಚ್ಛಗಳೇ ಆಗಿದ್ವು ಅನ್ಸುತ್ತೆ.

ಇನ್ನೊಂದು ತಲೆನೋವು ಪದಗಳ ಸ್ನೇಹಿತರದ್ದು. ಮಿಟಿಗೇಟ್ ಅಂದ್ರೆ ತಗ್ಗಿಸು, ಸರಿ, ಹಾಗಂತ ಹಸಿವನ್ನ ಮಿಟಿಗೇಟ್ ಮಾಡ್ಕೊಂಡೆ ಅಂದ್ರೆ ಕೇಳ್ದವ್ರು ನಗ್ತಾರೆ, ಅದು ರಿಸ್ಕ್, ಡ್ಯಾಮೇಜ್ ಇಂಥವ್ರ ಜತೇನೇ ಓಡಾಡೋದು. ಕನ್ನಡದಲ್ಲಿ ನಟ್ಟನಡುವೆ, ತುತ್ತತುದಿ, ಕಟ್ಟಕಡೆ ಇಲ್ವಾ? ಯಾರಾದ್ರೂ ನಟ್ಟತುದಿ ಅಂದ್ರೆ ಅರ್ಥವೇನೋ ಆಗುತ್ತೆ, ಆದ್ರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ. ಇದನ್ನ ಯಾವ ಲಿಸ್ಟೂ ಹೇಳ್ಕೊಡಲ್ಲ, ಓದ್ತಾ ಓದ್ತಾ ಕಿವಿಗೆ ಬೀಳಬೇಕು. ಹಾಗಾಗಿ ದಿನಕ್ಕೆ 10 ಬೇಡ, 2 ಸಾಕು, ಅದೂ ಓದುವಾಗ ಸಿಕ್ಕ ಸಾಲಿನ ಸಮೇತ.

ಇವತ್ತಿನದು ಪ್ರೊಕ್ರಾಸ್ಟಿನೇಟ್, ಅಂದ್ರೆ ಮಾಡೋ ಕೆಲಸ ಮುಂದಕ್ಕೆ ಹಾಕ್ತಾ ಹೋಗೋದು. ಲ್ಯಾಟಿನ್‌ನಲ್ಲಿ ಕ್ರಾಸ್ ಅಂದ್ರೆ ನಾಳೆ, ಪದದ ಹೊಟ್ಟೆಯೊಳಗೇ ನಾಳೆ ಕೂತಿದೆ. ವಾಕ್ಯಕ್ಕೂ ಹುಡುಕಾಡಬೇಕಾಗ್ಲಿಲ್ಲ, ಆ ಸೀನಿಯರ್‌ಗೆ ಕ್ಷಮೆ ಕೇಳೋ ಮೇಲ್ ಬೆಳಿಗ್ಗೆಯಿಂದ ಡ್ರಾಫ್ಟ್‌ನಲ್ಲೇ ಬಿದ್ದಿದೆ.