ಪುಸ್ತಕ ಮುಚ್ಚಿಟ್ಟು ಕತೆ ಬರೆಯುವುದು

ಕಾಗಕ್ಕ ಗುಬ್ಬಕ್ಕನ ಕತೆ ಗೊತ್ತಿಲ್ಲದವರು ಧಾರವಾಡ, ಗದಗ, ಹಾವೇರಿ ಕಡೆ ಸಿಗುವುದು ಕಷ್ಟ. ಮಳೆಗೆ ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಗುತ್ತದೆ. ಆಕೆ ಬಂದು ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. "ತಡಿಯವಾ, ಕೂಸಿಗೆ ಎರಿಯಾಕತ್ತೀನಿ" ಅಂತ ಒಳಗಿನಿಂದ ಉತ್ತರ. ಇದನ್ನೇ ನಾಲ್ಕು ಮಂದಿಗೆ ನೆನಪಿನಿಂದ ಬರೆಯಲು ಹೇಳಿ ನೋಡಿ. ಒಬ್ಬರು ಬಾಗಿಲು ಬಡಿಯುವುದಕ್ಕೇ ಅರ್ಧ ಪುಟ ಕೊಡುತ್ತಾರೆ. ಇನ್ನೊಬ್ಬರಿಗೆ ಕೊನೆಯೇ ನೆನಪಿರುವುದಿಲ್ಲ. ಮತ್ತೊಬ್ಬರ ಕತೆಯಲ್ಲಿ ಗುಬ್ಬಕ್ಕ ಮೊದಲ ಕೂಗಿಗೇ ಬಾಗಿಲು ತೆರೆದುಬಿಡುತ್ತಾಳೆ. ಹಳೆಯ ಕತೆಗಳಲ್ಲಿ ತನ್ನನ್ನು ತಾನು ಹುಡುಕಿಕೊಳ್ಳುವವರು ಹಿಡಿಯಬೇಕಾದದ್ದು ಈ ವ್ಯತ್ಯಾಸವನ್ನು. ಕತೆಯ ಅರ್ಥ ಏನೆಂಬ ಚರ್ಚೆ ಆಮೇಲೆ ನಡೆದರೂ ಆದೀತು, ನಡೆಯದಿದ್ದರೂ ಆದೀತು.

ಬೇಕಾಗುವುದು ನೂರು ಪುಟದ ಗೆರೆ ನೋಟ್‌ಬುಕ್ಕು, ಪೆನ್ನು, ಯಾರೂ ಕರೆಯದ ಅರ್ಧ ತಾಸು. ಸಣ್ಣವರಿದ್ದಾಗ ಕೇಳಿ, ಆಮೇಲೆ ಓದದೇ ಇರುವ ಒಂದು ಕತೆ ಆರಿಸಿ. ಬಲಗಡೆಯ ಪುಟಗಳಲ್ಲಷ್ಟೇ ಬರೆಯಿರಿ, ಎಡಗಡೆ ಖಾಲಿ ಇರಲಿ. ಇಪ್ಪತ್ತು ನಿಮಿಷ, ಹೆಚ್ಚೆಂದರೆ ಎರಡು ಪುಟ. ಮರೆತ ಕಡೆ ಒಂದು ಗೆರೆ ಎಳೆದು ಮುಂದೆ ಹೋಗಿ, ಮೊಬೈಲಿನಲ್ಲಿ ಹುಡುಕಬೇಡಿ. ಮೊಬೈಲಿನಲ್ಲಿ ಟೈಪ್ ಮಾಡುವುದೂ ಬೇಡ. ಅಲ್ಲಿ ಅಳಿಸಿದ್ದು ಗುರುತಿಲ್ಲದೆ ಹೋಗುತ್ತದೆ, ನಮಗೆ ಕಾಟು ಹಾಕಿದ ಶಬ್ದಗಳೂ ಬೇಕು. ಮೂರು ನಾಲ್ಕು ದಿನ ಬಿಟ್ಟು, ಅಚ್ಚಾದ ಕತೆ ಓದಿ, ಎಡಗಡೆ ಗುರುತು ಮಾಡಿ: ಏನು ಬಿಟ್ಟಿರಿ, ಏನು ಸೇರಿಸಿದಿರಿ, ಯಾವುದು ಹಿಂದುಮುಂದಾಯಿತು.

ಇಲ್ಲಿ ಅವಸರ ಮಾಡಿದರೆ ದಾರಿ ತಪ್ಪುತ್ತದೆ. ಜನಪದ ಕತೆಗೆ ಒಂದೇ ರೂಪ ಇರುವುದಿಲ್ಲ. ನೀವು ಬದಲಿಸಿದ್ದೀರಿ ಅಂದುಕೊಂಡದ್ದು ನಿಮ್ಮ ಆಯಿ ಹೇಳಿದ್ದೇ ಹಾಗೆ ಇದ್ದೀತು. ಹೇಳಿದವರು ಇದ್ದರೆ ಮೊದಲು ಕೇಳಿ. ವಿದೇಶದ ಕತೆಯಾದರೆ ಸಿನಿಮಾದ ನೆನಪನ್ನು ಬೇರೆ ಮಾಡಬೇಕು. ಸ್ನೋವೈಟ್ ಮುತ್ತಿನಿಂದ ಎದ್ದಳೆಂದು ಬರೆಯುವವರೇ ಹೆಚ್ಚು, ಅದು 1937ರ ಡಿಸ್ನಿ ಸಿನಿಮಾದ್ದು. ಗ್ರಿಮ್ ಸಹೋದರರ ಕತೆಯಲ್ಲಿ ಪೆಟ್ಟಿಗೆ ಹೊತ್ತವರು ಎಡವುತ್ತಾರೆ, ಗಂಟಲಲ್ಲಿ ಸಿಕ್ಕಿದ್ದ ಸೇಬಿನ ಚೂರು ಹೊರಬೀಳುತ್ತದೆ. ಅವರ ಕಪ್ಪೆ ರಾಜಕುಮಾರನ ಕತೆಯಲ್ಲಿ ಕಪ್ಪೆಗೂ ಮುತ್ತು ಸಿಗಲಿಲ್ಲ, ರಾಜಕುಮಾರಿ ಅದನ್ನು ಎತ್ತಿ ಗೋಡೆಗೆ ಅಪ್ಪಳಿಸುತ್ತಾಳೆ. ಗ್ರಿಮ್ ಸಹೋದರರೂ ಕತೆ ತಿದ್ದಿದವರೇ: 1812ರ ಮೊದಲ ಮುದ್ರಣದಲ್ಲಿ ಸ್ನೋವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ, 1819ರಲ್ಲಿ ಆಕೆ ಮಲತಾಯಿಯಾದಳು. ನಿಮ್ಮ ಎರಡು ಪುಟದಲ್ಲೂ ಹೀಗೆ ಯಾರನ್ನಾದರೂ 'ಮಲ' ಮಾಡಿದ್ದೀರಾ ನೋಡಿ.

ಎರಡನೆಯ ಸಲಕ್ಕೆ ಎ. ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಕತೆಯೊಂದು ಬಹಳ ಚಲೋ. ಹೆಣ್ಣುಮಗಳೊಬ್ಬಳಿಗೆ ಒಂದು ಕತೆ, ಒಂದು ಹಾಡು ಗೊತ್ತು, ಆದರೆ ಆಕೆ ಯಾರಿಗೂ ಹೇಳುವುದಿಲ್ಲ. ಆಕೆ ಮಲಗಿದ್ದಾಗ ಅವು ಹೊರಬಿದ್ದು, ಕತೆ ಕೆರವಾಗಿ ಮನೆಯ ಹೊರಗೆ ಕೂಡುತ್ತದೆ, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ತೂಗುತ್ತದೆ. ಗಂಡನಿಗೆ ಸಂಶಯ, ಜಗಳ. ಸಿಟ್ಟಾಗಿ ಹೋಗಿ ಹನುಮಪ್ಪನ ಗುಡಿಯಲ್ಲಿ ಮಲಗಿದವನಿಗೆ, ಊರಿನ ದೀಪಗಳೆಲ್ಲ ಅಲ್ಲಿ ಕೂಡಿ ಮಾತಾಡುವಾಗ ನಿಜ ಗೊತ್ತಾಗುತ್ತದೆ. ಮನೆಗೆ ಬಂದು ಕೇಳಿದರೆ ಹೆಂಡತಿ, ಯಾವ ಕತೆ, ಯಾವ ಹಾಡು ಅನ್ನುತ್ತಾಳೆ, ಆಕೆಗೆ ಎರಡೂ ಮರೆತುಹೋಗಿವೆ. ಇದನ್ನು ದೀಪದ ಬಾಯಲ್ಲಿ ಹತ್ತು ಸಾಲು ಬರೆಯಿರಿ. ಗಂಡ ಅಥವಾ ಹೆಂಡತಿಯಾಗಿ ಬರೆದರೆ ಎರಡನೇ ಸಾಲಿಗೇ ವಕೀಲಿಕೆ ಶುರುವಾಗುತ್ತದೆ. ದೀಪಕ್ಕೆ ಕಂಡದ್ದನ್ನಷ್ಟೇ ಹೇಳಬೇಕಾಗುತ್ತದೆ.

ಅವರದೇ ಸಂಗ್ರಹದ, ಹೂವಿನ ಮರವಾಗುವ ಹುಡುಗಿಯ ಕತೆಯನ್ನು ನಿಧಾನ ಓದಬೇಕು, ಅದರ ಕರಾರುಗಳಿಗಾಗಿ. ಎರಡು ಕೊಡ ನೀರು, ಉಗುರು ತಾಕಬಾರದು. ಒಂದು ಕೊಡ ಸುರಿದರೆ ಮರ; ಟೊಂಗೆ ಮುರಿಯದೆ ಹೂ ಬಿಡಿಸಿಕೊಂಡು ಇನ್ನೊಂದು ಸುರಿದರೆ ಮತ್ತೆ ಮನುಷ್ಯಳು. ಅಕ್ಕ ಸರಿಯಾಗಿ ಮಾಡುತ್ತಾಳೆ. ಮದುವೆಯಾದ ಮೇಲೆ ನಾದಿನಿ ಮತ್ತು ಆಕೆಯ ಗೆಳತಿಯರು ಟೊಂಗೆ ಮುರಿದು, ಎರಡನೆಯ ಕೊಡವನ್ನು ಹೆಂಗೆಂಗೋ ಸುರುವಿ ಮನೆಗೆ ಓಡುತ್ತಾರೆ. ಹುಡುಗಿ ಕೈಕಾಲಿಲ್ಲದೆ ಅರ್ಧಕ್ಕೇ ಉಳಿಯುತ್ತಾಳೆ. ಓದಿದ ಮೇಲೆ ಎಡಗಡೆ ಪುಟದಲ್ಲಿ ನಾಲ್ಕು ಸಾಲು: ನೀವು ಬೇರೆಯವರಿಗಾಗಿ ಅರಳುವ ಕೆಲಸ ಯಾವುದು, ಅದಕ್ಕೆ ನಿಮ್ಮ ಕರಾರೇನು, ಆ ಕರಾರನ್ನು ಯಾರಿಗೆ ಬಾಯಿಬಿಟ್ಟು ಹೇಳಿದ್ದೀರಿ, ಎರಡನೆಯ ಕೊಡ ಯಾರ ಕೈಯಲ್ಲಿದೆ. ಹೆಚ್ಚು ಮಂದಿ ಮೂರನೆಯದರಲ್ಲಿ ಸಿಕ್ಕಿಕೊಳ್ಳುತ್ತಾರೆ. ಒಂದೇ ಹೆಸರು ಬರೆಯಲು ಆದರೂ ಸಾಕು. ಕೊನೆಗೆ ಗಂಡ ಆಕೆಯನ್ನು ಮತ್ತೆ ಮರ ಮಾಡಿ, ಮುರಿದ ಟೊಂಗೆಗಳನ್ನು ಸರಿಮಾಡಿ, ಆಮೇಲೆ ನೀರು ಸುರಿಯುತ್ತಾನೆ; ರಿಪೇರಿ ಮರವಾಗಿದ್ದಾಗಲೇ ಆಗಬೇಕು ಎಂಬುದು ನೆನಪಿನಿಂದ ಬರೆದ ಕತೆಗಳಲ್ಲಿ ಸುಲಭವಾಗಿ ಬಿಟ್ಟುಹೋಗುತ್ತದೆ.

ಕೆಡುವುದು ಹೇಗೆ? ಸಾಲಿಯ ಚಟದಿಂದ ಕೊನೆಯಲ್ಲಿ 'ನೀತಿ' ಬರೆದು ಮುಗಿಸುವವರಿದ್ದಾರೆ. ಆ ಸಾಲು ಹೊಡೆದುಹಾಕಿ, ನೀತಿ ಬಂದಲ್ಲಿ ಯೋಚನೆ ನಿಲ್ಲುತ್ತದೆ. ಹಾವೆಂದರೆ ಕಾಮ, ಬಾವಿ ಎಂದರೆ ಒಳಮನಸ್ಸು ಅನ್ನುವ ಪಟ್ಟಿಗಳೂ ಅಷ್ಟೇ. ನಿಮ್ಮ ಹಿತ್ತಲ ಬಾವಿ ನಿಮಗೇನು ಎಂಬುದು ಅವುಗಳಲ್ಲಿ ಇರುವುದಿಲ್ಲ. ಇನ್ನು ಕೆಲವರಿಗೆ ಅತ್ತೆಯೇ ರಾಕ್ಷಸಿ, ಅಣ್ಣನೇ ತೋಳ. ನೋಟ್‌ಬುಕ್ಕು ಮನೆಮಂದಿಯ ಮೇಲಿನ ಫಿರ್ಯಾದಿಯಾಗುತ್ತದೆ. ಮನೋವಿಜ್ಞಾನಿ ಕಾರ್ಲ್ ಯುಂಗ್ ಪಂಥದವರು ಇದಕ್ಕೆ ಹೇಳುವ ಉಪಾಯ, ಒಂದು ಸುತ್ತು ಎಲ್ಲ ಪಾತ್ರಗಳನ್ನೂ ತಾನೇ ಎಂದು ಓದುವುದು. ಒಳ್ಳೆಯ ಉಪಾಯವೇ, ಆದರೆ ಎಲ್ಲರಿಗೂ ಅಲ್ಲ. ಮನೆಯಲ್ಲಿ ನಿಜಕ್ಕೂ ಹೊಡೆತ ತಿನ್ನುತ್ತಿರುವವಳಿಗೆ ಆ ನಾದಿನಿಯೂ ನಿನ್ನೊಳಗಿನವಳೇ ಅನ್ನುವುದು ಕ್ರೂರ. ಆಕೆಗೆ ಬೇಕಾದದ್ದು ಬೇರೆ ಸಹಾಯ.

ಬರೆಯುವಾಗ ಎದೆ ಬಡಿತ ಏರಿದರೆ, ಹಳೆಯದೇನೋ ಎದ್ದು ನಿದ್ದೆ ಕೆಡಿಸಿದರೆ ನಿಲ್ಲಿಸಿ. ಕೆಲವು ದಿನಗಳಲ್ಲಿ ಇಳಿಯದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ ತೋರಿಸಬಹುದು. ಸರಕಾರದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಉಳಿದವರಿಗೆ ತಿಂಗಳಿಗೊಂದು ಕತೆ ಸಾಕು. ಆರು ತಿಂಗಳ ನಂತರ ಮೊದಲ ಕತೆಯನ್ನೇ ಮತ್ತೆ ನೆನಪಿನಿಂದ ಬರೆದು, ಈ ಸಲ ಗೆರೆ ಎಳೆದ ಜಾಗಗಳನ್ನು ಹಳೆಯವುಗಳ ಜೊತೆ ಹೋಲಿಸಿ.